ಮಣಿಪುರದ ಬಾಗಿಲಲ್ಲಿ ಅರ್ಜುನ: ಲಕ್ಷ್ಮೀಶನ ಬಭ್ರುವಾಹನ ಪ್ರಸಂಗದಲ್ಲಿ ಕರ್ತವ್ಯ ಮತ್ತು ತಂದೆತನ

ಪಂಪನ 'ವಿಕ್ರಮಾರ್ಜುನ ವಿಜಯ' ಅರ್ಜುನನ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ. ರನ್ನನ 'ಗದಾಯುದ್ಧ' ಭೀಮನ ಪಟ್ಟಾಭಿಷೇಕದೊಂದಿಗೆ ಮುಗಿಯುತ್ತದೆ. ಕುಮಾರವ್ಯಾಸನ ಭಾರತವು ಹತ್ತನೆಯದಾದ ಗದಾಪರ್ವಕ್ಕೆ ನಿಲ್ಲುತ್ತದೆ. ಮೂವರೂ ಮಹಾಕವಿಗಳು ತಮ್ಮ ವೀರರನ್ನು ಗೆಲುವಿನ ನೆತ್ತಿಯಲ್ಲಿ ನಿಲ್ಲಿಸಿ ಕಾವ್ಯವನ್ನು ಮುಗಿಸಿದ್ದಾರೆ. ಗೆದ್ದ ಮೇಲೆ ಆ ವೀರರು ಯಾರ ಮನೆಯ ಬಾಗಿಲಿಗೆ ಹೋದರು, ಅಲ್ಲಿ ಅವರನ್ನು ಯಾರು ಎದುರುಗೊಂಡರು, ಎದುರುಗೊಂಡವರಿಗೆ ಅವರು ಏನು ಉತ್ತರ ಕೊಟ್ಟರು ಎಂಬ ಪ್ರಶ್ನೆಗಳು ಈ ಕಾವ್ಯಗಳ ಎಲ್ಲೆಯಿಂದ ಹೊರಗೆ ಉಳಿಯುತ್ತವೆ. ಕುಮಾರವ್ಯಾಸ ಬಿಟ್ಟ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದನಾದರೂ, ಕನ್ನಡಿಗರ ನೆನಪಿನಲ್ಲಿ ಯುದ್ಧಾನಂತರದ ಭಾರತವೆಂದರೆ ದೇವನೂರಿನ ಲಕ್ಷ್ಮೀಶನ 'ಜೈಮಿನಿ ಭಾರತ'ವೇ. ಮೂವತ್ತನಾಲ್ಕು ಸಂಧಿಗಳ ಈ ವಾರ್ಧಕ ಷಟ್ಪದಿಯ ಕಾವ್ಯ ಉಳಿದವರು ನಿಲ್ಲಿಸಿದಲ್ಲಿಂದ ಹೊರಡುತ್ತದೆ.

ಲಕ್ಷ್ಮೀಶನನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ನಡೆದಿದೆ. ಒಂದು, 'ಉಪಮಾಲೋಲ' ಎಂಬ ಬಿರುದಿಗೆ ತಕ್ಕಂತೆ ಅವನ ನಾದ, ಶ್ಲೇಷೆ, ವರ್ಣನೆಗಳ ಸೊಗಸನ್ನು ಮೆಚ್ಚುವುದು. ಇನ್ನೊಂದು, ಅವನನ್ನು ಕೃಷ್ಣಭಕ್ತಿಯ ಕವಿಯೆಂದು ಗುರುತಿಸಿ ಕಥೆಯ ಒಂದೊಂದು ಕಾಳಗವನ್ನೂ ಭಗವಂತನ ಲೀಲೆಗೆ ನಿದರ್ಶನವೆಂದು ಓದುವುದು. ಎರಡೂ ಸರಿಯಾದ ದಾರಿಗಳೇ. ಆದರೆ ಎರಡರಲ್ಲಿಯೂ ಕಥೆಯ ಜೋಡಣೆಯತ್ತ ಗಮನ ಕಡಿಮೆ. ಬಿಡಿಬಿಡಿಯಾದ ಕಾಳಗಗಳ ಸರಮಾಲೆ ಎಂಬ ಆಕ್ಷೇಪಕ್ಕೆ ಈ ಕಾವ್ಯ ಗುರಿಯಾಗಿರುವುದೂ ಇದರಿಂದಲೇ. ಬಭ್ರುವಾಹನ ಪ್ರಸಂಗವನ್ನು ನಡುವೆ ಇಟ್ಟುಕೊಂಡು ಅದರ ಹಿಂದಿನ ಕಥೆಗಳನ್ನೂ ಅದರೊಳಗಿನ ಉಪಕಥೆಯನ್ನೂ ಒಟ್ಟಿಗೆ ಓದಿದರೆ ಬೇರೊಂದು ಚಿತ್ರ ಮೂಡುತ್ತದೆ. ದೀರ್ಘಕಾಲ ಮನೆಯಿಂದ ದೂರವಿದ್ದ ಅತಿಮಾನುಷ ವೀರನೊಬ್ಬನಿಗೆ ಕರ್ತವ್ಯವೇ ಸಂಬಂಧಗಳಿಂದ ತಪ್ಪಿಸಿಕೊಳ್ಳುವ ಆಸರೆಯಾಗಬಲ್ಲದು. ಆ ಆಸರೆಯನ್ನು ಕವಿ ಅವನ ಕೈಯಿಂದ ಕಿತ್ತುಕೊಳ್ಳುತ್ತಾನೆ. ಈ ಪ್ರಸಂಗದ ತಿರುಳು ಇದು.

ಪ್ರಸಂಗದ ಬೇರು ವ್ಯಾಸಭಾರತದ ಆದಿಪರ್ವದಲ್ಲಿದೆ. ಬ್ರಾಹ್ಮಣನೊಬ್ಬನ ಗೋವುಗಳನ್ನು ಕಳ್ಳರಿಂದ ಬಿಡಿಸಲು ಆಯುಧ ಬೇಕಾಗಿ, ಧರ್ಮರಾಯನೂ ದ್ರೌಪದಿಯೂ ಇದ್ದ ಮನೆಯನ್ನು ಅರ್ಜುನ ಹೊಕ್ಕ. ಅಣ್ಣತಮ್ಮಂದಿರ ನಡುವಿನ ನಿಯಮವನ್ನು ಮುರಿದುದಕ್ಕಾಗಿ, ಅಣ್ಣ ಬೇಡವೆಂದರೂ ಕೇಳದೆ, ತೀರ್ಥಯಾತ್ರೆಗೆ ಹೊರಟ. ಆ ಯಾತ್ರೆಯಲ್ಲಿ ಗಂಗಾದ್ವಾರದಲ್ಲಿ ನಾಗಕನ್ಯೆ ಉಲೂಪಿ ಅವನನ್ನು ಬಯಸಿದಳು. ಒಂದು ರಾತ್ರಿಯ ಬಳಿಕ ಅವನು ಮುಂದಕ್ಕೆ ನಡೆದ. ಮಣಿಪುರದಲ್ಲಿ ರಾಜ ಚಿತ್ರವಾಹನನ ಮಗಳು ಚಿತ್ರಾಂಗದೆಯನ್ನು ಅವನೇ ಬಯಸಿದ. ಹುಟ್ಟುವ ಮಗ ತನ್ನ ವಂಶಕ್ಕೆ ಸೇರಬೇಕೆಂಬುದು ರಾಜನ ಷರತ್ತಾಗಿತ್ತು. ಅರ್ಜುನ ಅದಕ್ಕೆ ಒಪ್ಪಿದ. ಅಲ್ಲಿ ಮೂರು ವರ್ಷ ಇದ್ದು, ಬಳಿಕ ಹೊರಟುಹೋದ. ಮುಂದೆ ರಾಜಸೂಯದ ಹೊತ್ತಿಗೆ ಇಂದ್ರಪ್ರಸ್ಥಕ್ಕೆ ಬಾ ಎಂದು ಚಿತ್ರಾಂಗದೆಯನ್ನು ಸಂತೈಸಿದನೆಂದು ಪ್ರಚಲಿತ ಪಾಠ ಹೇಳುತ್ತದೆ.

ಈ ಅಗಲಿಕೆಯಲ್ಲಿ ಅಧರ್ಮವೆನ್ನುವಂಥದು ಏನೂ ಇಲ್ಲ ಎಂಬುದೇ ಇಲ್ಲಿ ಮುಖ್ಯ. ಯಾತ್ರೆಗೆ ಹೊರಟದ್ದು ಧರ್ಮಕ್ಕಾಗಿ. ಮಗನನ್ನು ಬಿಟ್ಟುಬಂದದ್ದು ಕೊಟ್ಟ ಮಾತಿನ ಪ್ರಕಾರ. ಅಲ್ಲಿಂದಾಚೆಗೆ ಜೂಜು, ವನವಾಸ, ಅಜ್ಞಾತವಾಸ, ಹದಿನೆಂಟು ದಿನದ ಯುದ್ಧ ಒಂದರ ಹಿಂದೊಂದು ಬಂದವು. ಅರ್ಜುನನ ಬಳಿ ಪ್ರತಿಯೊಂದು ವರ್ಷಕ್ಕೂ ಲೆಕ್ಕವಿದೆ, ಪ್ರತಿಯೊಂದು ಲೆಕ್ಕಕ್ಕೂ ಧರ್ಮದ ಮುದ್ರೆಯಿದೆ. ಹೀಗಿದ್ದರೂ ಮಣಿಪುರದಲ್ಲಿ ಒಬ್ಬ ಮಗ ತಂದೆಯ ಮುಖ ಕಾಣದೆ ಬೆಳೆದು, ರಾಜನಾಗಿ, ತಂದೆಯ ಕೀರ್ತಿಯನ್ನು ಮಾತ್ರ ಕೇಳುತ್ತ ಉಳಿದ. ಯಾರೂ ತಪ್ಪು ಮಾಡದೆಯೂ ಒಂದು ಋಣ ಬೆಳೆಯುತ್ತ ಹೋಗಬಲ್ಲದು ಎಂಬ ಅರಿವು ಮೂಲಕಥೆಯಲ್ಲಿಯೇ ಇದೆ. ಋಣ ಕೇಳಲು ಯಾರೂ ಹೋಗಲಿಲ್ಲ. ಯಜ್ಞದ ಕುದುರೆ ಸಾಲಗಾರನನ್ನೇ ಆ ಬಾಗಿಲಿಗೆ ಕರೆತಂದಿತು.

ವ್ಯಾಸರ ಆಶ್ವಮೇಧಿಕ ಪರ್ವದಲ್ಲಿ ಮಣಿಪುರಕ್ಕೆ ಬರುವ ಮುನ್ನ ಅರ್ಜುನ ಸಿಂಧುದೇಶವನ್ನು ದಾಟುತ್ತಾನೆ. ಅಲ್ಲಿ ಜಯದ್ರಥನ ವಿಧವೆ, ಕೌರವರ ತಂಗಿ ದುಶ್ಶಲೆ, ಮೊಮ್ಮಗನನ್ನು ಎತ್ತಿಕೊಂಡು ಯುದ್ಧದ ನಡುವೆ ಬಂದು ನಿಲ್ಲುತ್ತಾಳೆ. ಅರ್ಜುನ ಬಂದನೆಂಬ ಸುದ್ದಿಗೇ ಅವಳ ಮಗ ಪ್ರಾಣ ಬಿಟ್ಟಿದ್ದಾನೆ. ಅವಳನ್ನು ಕಂಡ ಅರ್ಜುನ ಬಿಲ್ಲನ್ನು ಕೆಳಗಿಡುತ್ತಾನೆ. ಬಂಧುಗಳನ್ನೆಲ್ಲ ಯಮನಲ್ಲಿಗೆ ಕಳಿಸಲು ಕಾರಣವಾದ ಕ್ಷತ್ರಿಯಧರ್ಮವನ್ನು ನಿಂದಿಸುತ್ತಾನೆ. ಮುಂದಿನ ನಿಲುಗಡೆಯೇ ಮಣಿಪುರ. ಅಲ್ಲಿ ಬಭ್ರುವಾಹನ ಕಾಣಿಕೆಗಳೊಂದಿಗೆ ವಿನಯದಿಂದ ಎದುರುಗೊಂಡಾಗ ಅದೇ ಅರ್ಜುನ, ಅದೇ ಕ್ಷತ್ರಿಯಧರ್ಮದ ಹೆಸರಿನಲ್ಲಿ, ಮಗನನ್ನು ಹೀಗಳೆಯುತ್ತಾನೆ: ಆಯುಧ ಹಿಡಿದು ಬಂದವನನ್ನು ಹೆಂಗಸಿನಂತೆ ಸ್ವಾಗತಿಸುವುದು ಕ್ಷತ್ರಿಯನಿಗೆ ಸಲ್ಲದು ಎಂಬುದು ಅವನ ಮಾತಿನ ಅಭಿಪ್ರಾಯ. ಶತ್ರುವಿನ ಮನೆಯ ಹೆಣ್ಣಿನ ಮುಂದೆ ಕರಗಿದ ಮನಸ್ಸು ಸ್ವಂತ ಮಗನ ಮುಂದೆ ಗಟ್ಟಿಯಾಗುತ್ತದೆ. ವ್ಯಾಸರು ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗಿದ್ದಾರೆ, ವಿವರಣೆ ಕೊಟ್ಟಿಲ್ಲ.

ಅಲ್ಲಿಂದ ಮುಂದಿನ ಕಥೆ ಪ್ರಸಿದ್ಧ. ಉಲೂಪಿ ನೆಲವನ್ನು ಸೀಳಿಕೊಂಡು ಬಂದು ಬಭ್ರುವಾಹನನನ್ನು ಯುದ್ಧಕ್ಕೆ ಹುರಿದುಂಬಿಸುತ್ತಾಳೆ, ಅರ್ಜುನ ಬೀಳುತ್ತಾನೆ, ಚಿತ್ರಾಂಗದೆ ಗೋಳಾಡುತ್ತಾಳೆ, ಮಗ ಉಪವಾಸದಿಂದ ಪ್ರಾಣ ಬಿಡಲು ನಿಶ್ಚಯಿಸುತ್ತಾನೆ, ಉಲೂಪಿ ನಾಗಲೋಕದ ಮಣಿಯಿಂದ ಗಂಡನನ್ನು ಎಬ್ಬಿಸುತ್ತಾಳೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮನನ್ನು ಕೆಡವಿದುದಕ್ಕೆ ವಸುಗಳು ಕೊಟ್ಟ ಶಾಪ ಮಗನ ಕೈಯಿಂದ ಸೋತರೆ ಮಾತ್ರ ಕಳೆಯುತ್ತಿತ್ತು ಎಂದು ಅವಳು ತಿಳಿಸುತ್ತಾಳೆ. ಪಿತಾಮಹನಿಗೆ ಮೊಮ್ಮಗ ಮಾಡಿದ್ದು, ತಂದೆಗೆ ಮಗ ಮಾಡಿದಾಗ ತೀರುತ್ತದೆ. ಆದರೆ ಈ ಪ್ರಕರಣದ ಅತ್ಯಂತ ಮಾರ್ಮಿಕ ಭಾಗ ಶಾಪದ ವಿವರದಲ್ಲಿಲ್ಲ, ಅದರ ನಂತರ ಬರುವ ಸಣ್ಣದೊಂದು ಸಂಭಾಷಣೆಯಲ್ಲಿದೆ. ಇಬ್ಬರು ಹೆಂಡಿರೊಂದಿಗೆ ಒಂದೇ ಒಂದು ರಾತ್ರಿ ನಿನ್ನ ಮನೆಯಲ್ಲಿ ಇದ್ದು ಹೋಗು ಎಂದು ಮಗ ಬೇಡಿಕೊಳ್ಳುತ್ತಾನೆ. ಅರ್ಜುನ ಒಪ್ಪುವುದಿಲ್ಲ. ತಾನು ದೀಕ್ಷೆಯಲ್ಲಿದ್ದೇನೆ, ಕುದುರೆ ನಡೆದತ್ತ ನಡೆಯಬೇಕು, ತನಗೆ ತಂಗಲು ತಾವಿಲ್ಲ ಎಂದು ಹೇಳಿ, ಯಜ್ಞಕ್ಕೆ ತಾಯಂದಿರನ್ನು ಕರೆದುಕೊಂಡು ಬಾ ಎಂದು ಆಹ್ವಾನಿಸಿ ಹೊರಡುತ್ತಾನೆ. ಸತ್ತು ಬದುಕಿದ ಮೇಲೂ ಅವನು ಆ ಊರನ್ನು ಹೊಗಲಿಲ್ಲ. ಹಿಂದೆ ರಾಜಸೂಯಕ್ಕೆ ಬಾ ಎಂದಿದ್ದ. ಈಗ ಅಶ್ವಮೇಧಕ್ಕೆ ಬಾ ಎನ್ನುತ್ತಿದ್ದಾನೆ. ಬದಲಾದದ್ದು ಯಜ್ಞದ ಹೆಸರು ಮಾತ್ರ.

ಜೈಮಿನಿಯ ಸಂಪ್ರದಾಯವನ್ನು ಹಿಡಿದ ಲಕ್ಷ್ಮೀಶ ಈ ಕಥೆಯನ್ನು ತೀವ್ರಗೊಳಿಸುತ್ತಾನೆ. ಇಲ್ಲಿ ಬಭ್ರುವಾಹನ ಮೊದಲು ಕುದುರೆಯನ್ನು ಕಟ್ಟಿಸುತ್ತಾನೆ. ಅದು ಪಾಂಡವರದೆಂದು ತಿಳಿದಾಗ ತಾಯಿ ಚಿತ್ರಾಂಗದೆಯ ಬಳಿ ಹೋಗುತ್ತಾನೆ. ತಂದೆಗೆ ಎಲ್ಲವನ್ನೂ ಒಪ್ಪಿಸಿ ಕಾಲಿಗೆ ಬೀಳು ಎನ್ನುವುದು ಅವಳ ಸಲಹೆ. ಹೀಗೆ ಮಗನ ವಿನಯದ ಹಿಂದೆ ತಾಯಿಯ ಮಾತಿದೆ. ಇಷ್ಟು ವರ್ಷ ಕಾದವಳು ಮಗನ ಕೈಯಲ್ಲಿ ಕಳಿಸಿದ ಮಾತು ಅದು. ಬಭ್ರುವಾಹನ ರಾಜ್ಯ, ಸಂಪತ್ತು, ಪರಿವಾರಗಳೊಂದಿಗೆ ಬಂದು ಅಡ್ಡಬೀಳುತ್ತಾನೆ. ಅರ್ಜುನ ಅವನನ್ನು ಕಾಲಿಂದ ಒದೆಯುತ್ತಾನೆ. ನೀನು ನನ್ನ ಮಗನಲ್ಲ, ವೈಶ್ಯನೊಬ್ಬನಿಗೆ ಹುಟ್ಟಿದವನಿರಬೇಕು, ನನಗಿದ್ದ ಮಗ ಅಭಿಮನ್ಯುವೊಬ್ಬನೇ ಎಂಬರ್ಥದ ಮಾತುಗಳು ಅವನ ಬಾಯಿಂದ ಬರುತ್ತವೆ. ವ್ಯಾಸರಲ್ಲಿ ಮಗನ ನಡತೆಯ ಮೇಲಿದ್ದ ಟೀಕೆ ಇಲ್ಲಿ ತಾಯಿಯ ಶೀಲದ ಮೇಲಿನ ಆರೋಪವಾಗಿ ಬದಲಾಗಿದೆ. ಒದೆತವನ್ನು ಸಹಿಸಿದ ಮಗ ಆ ಆರೋಪವನ್ನು ಸಹಿಸುವುದಿಲ್ಲ. ಯುದ್ಧಕ್ಕೆ ಕಾರಣ ಕುದುರೆಯಲ್ಲ, ರಾಜ್ಯವಲ್ಲ, ಮಗನ ಸ್ವಂತ ಮಾನವೂ ಅಲ್ಲ, ಚಿತ್ರಾಂಗದೆಯ ಮಾನ.

ಈ ಒದೆತವನ್ನು ಅರ್ಜುನನ ಗರ್ವವೆಂದು, ಕೃಷ್ಣನಿಂದ ದೂರವಾದವನ ಮದವೆಂದು ವಿವರಿಸುವುದುಂಟು. ಅಷ್ಟಕ್ಕೇ ನಿಂತರೆ ಅಭಿಮನ್ಯುವಿನ ಹೆಸರು ಅಲ್ಲಿ ಏಕೆ ಬಂತೆಂಬುದು ತಿಳಿಯುವುದಿಲ್ಲ. ಅಭಿಮನ್ಯು ಚಕ್ರವ್ಯೂಹದಲ್ಲಿ ಸತ್ತ ದಿನ ಅರ್ಜುನ ಸಂಶಪ್ತಕರೊಡನೆ ಕಾದುತ್ತ ರಣರಂಗದ ಇನ್ನೊಂದು ದಿಕ್ಕಿನಲ್ಲಿದ್ದ. ಉಲೂಪಿಯ ಮಗ ಇರಾವಂತನೂ, ವ್ಯಾಸಭಾರತದ ಪ್ರಕಾರ, ಅದೇ ಯುದ್ಧದಲ್ಲಿ ತಂದೆಗಾಗಿ ಕಾದಿ ಸತ್ತ. ಜೊತೆಯಲ್ಲಿ ಬೆಳೆದ ಮಗ ಸತ್ತಾಗಲೂ ತಂದೆ ದೂರವಿದ್ದ. ದೂರದಲ್ಲಿ ಬೆಳೆದ ಮಗ ಈಗ ಬದುಕಿ ಎದುರಿಗೆ ನಿಂತಿದ್ದಾನೆ. ಸತ್ತವನು ಕಾದಿ ಸತ್ತವನು; ಬದುಕಿರುವವನು ಕಾದದೆ ಕಾಲಿಗೆ ಬಿದ್ದವನು. ವೀರಸ್ವರ್ಗ ಪಡೆದ ಮಗನನ್ನೇ ಮಗತನದ ಅಳತೆಗೋಲು ಮಾಡಿಕೊಂಡವನಿಗೆ, ಬದುಕಿ ಬಂದು ಬಾಗಿದ ಮಗ ಅಪರಿಚಿತನಾಗಿ ಕಾಣುತ್ತಾನೆ. ಒದೆತದಲ್ಲಿ ಗರ್ವವಿರುವಷ್ಟೇ ಶೋಕವೂ ಇದೆ. ಅದು ತಪ್ಪು ದಿಕ್ಕಿಗೆ ಹರಿದ ಶೋಕ. ಕವಿ ಇದನ್ನು ಕ್ಷಮಿಸುವುದಿಲ್ಲ, ಆದರೆ ಕಾಣಿಸುತ್ತಾನೆ.

ಇದೇ ಕಾರಣಕ್ಕೆ ವೃಷಕೇತುವಿನ ಪಾತ್ರ ಇಲ್ಲಿ ಗಮನಾರ್ಹವಾಗುತ್ತದೆ. ಕರ್ಣನ ಮಗನಾದ ವೃಷಕೇತು ಕಾವ್ಯದ ಆರಂಭದಿಂದಲೂ ಪಾಂಡವರ ಜೊತೆಗಿದ್ದಾನೆ. ಯೌವನಾಶ್ವನ ಭದ್ರಾವತಿಯಿಂದ ಕುದುರೆಯನ್ನು ತರಲು ಭೀಮನೊಂದಿಗೆ ಹೋದವರಲ್ಲಿ ಅವನೂ ಘಟೋತ್ಕಚನ ಮಗ ಮೇಘವರ್ಣನೂ ಇದ್ದಾರೆ. ಯುದ್ಧದಲ್ಲಿ ತಂದೆಯರನ್ನು ಕಳೆದುಕೊಂಡ ಮಕ್ಕಳನ್ನು ಪಾಂಡವರು ಮಡಿಲಿಗೆ ಹಾಕಿಕೊಂಡಿದ್ದಾರೆ. ತಾನೇ ಕೊಂದ ಅಣ್ಣನ ಮಗನ ಮೇಲೆ ಅರ್ಜುನನಿಗೆ ನಿಜವಾದ ವಾತ್ಸಲ್ಯವಿದೆ. ಅರ್ಜುನನಿಗೆ ತಂದೆತನ ತಿಳಿಯದು ಎನ್ನುವಂತಿಲ್ಲ. ಪಶ್ಚಾತ್ತಾಪದಿಂದ ಹುಟ್ಟಿದ ತಂದೆತನ ಅವನಿಗೆ ಸುಲಭವಾಗಿದೆ, ಏಕೆಂದರೆ ಅಲ್ಲಿ ಅವನು ಕೊಡುವವನು. ಬಭ್ರುವಾಹನನ ಎದುರು ಅವನು ಬಾಕಿ ಉಳಿಸಿಕೊಂಡವನು. ಮಣಿಪುರದ ಕಾಳಗದಲ್ಲಿ ವೃಷಕೇತು ಬಭ್ರುವಾಹನನ ಕೈಯಲ್ಲಿ ಸಾಯುತ್ತಾನೆ, ನಂತರ ಅರ್ಜುನ. ಮಡಿಲಿಗೆ ಹಾಕಿಕೊಂಡ ಮಗನನ್ನು ಹೊರಗೆ ತಳ್ಳಿದ ಮಗ ಕೊಲ್ಲುವ ಈ ಅನುಕ್ರಮ ಆಕಸ್ಮಿಕವಿರಲಾರದು.

ಲಕ್ಷ್ಮೀಶನ ಕಾವ್ಯದಲ್ಲಿ ಬಹುಜನಪ್ರಿಯವಾದ ಭಾಗಗಳಲ್ಲೊಂದು ಸೀತಾಪರಿತ್ಯಾಗ ಮತ್ತು ಕುಶಲವರ ಕಾಳಗ. ಅದನ್ನು ಬಿಡಿಯಾಗಿ ವಾಚನ ಮಾಡುವ, ಪಠ್ಯಗಳಲ್ಲಿ ಬಿಡಿಯಾಗಿ ಅಚ್ಚು ಹಾಕುವ ರೂಢಿಯಿಂದಾಗಿ ಅದು ಕಾವ್ಯದಲ್ಲಿ ಎಲ್ಲಿ ಬರುತ್ತದೆ ಎಂಬುದು ಮರೆತುಹೋಗುವಂತಾಗಿದೆ. ಅದು ಬರುವುದು ಬಭ್ರುವಾಹನ ಪ್ರಸಂಗದ ಒಳಗೆ. ಮಗ ತಂದೆಯೊಡನೆ ಕಾದುವುದುಂಟೆ ಎಂಬ ಅಚ್ಚರಿಗೆ ಹಿಂದೆಯೂ ಹೀಗೆ ನಡೆದಿತ್ತು ಎಂಬ ಉತ್ತರವಾಗಿ ಜೈಮಿನಿ ಜನಮೇಜಯನಿಗೆ ರಾಮನ ಕಥೆಯನ್ನು ಹೇಳುತ್ತಾನೆ. ಹೊರನೋಟಕ್ಕೆ ಎರಡೂ ಒಂದೇ ಅಚ್ಚಿನವು: ಅಶ್ವಮೇಧದ ಕುದುರೆ, ಅದನ್ನು ಕಟ್ಟುವ ಮಗ, ದೂರ ಉಳಿದ ತಾಯಿ, ಸೋಲುವ ತಂದೆ. ಈ ಹೋಲಿಕೆಯನ್ನು ಮಾತ್ರ ಕಂಡವರು ಉಪಕಥೆಯನ್ನು ಒಂದು ದೃಷ್ಟಾಂತವೆಂದು ಬಿಟ್ಟುಬಿಡುತ್ತಾರೆ.

ವ್ಯತ್ಯಾಸವೇ ಇಲ್ಲಿ ಹೆಚ್ಚು ಮಾತಾಡುತ್ತದೆ. ಕುಶಲವರಿಗೆ ಎದುರಾಳಿ ತಮ್ಮ ತಂದೆಯೆಂದು ತಿಳಿಯದು. ರಾಮನಿಗೂ ಅವರು ತನ್ನ ಮಕ್ಕಳೆಂದು ತಿಳಿಯದು. ಅಲ್ಲಿ ಅಜ್ಞಾನವೇ ಎರಡೂ ಕಡೆಯವರಿಗೆ ರಕ್ಷೆ. ಗುರುತು ಸಿಕ್ಕಿದಾಗ ಕಾಳಗ ತಾನಾಗಿ ಕರಗುತ್ತದೆ. ಮಣಿಪುರದಲ್ಲಿ ಆ ರಕ್ಷೆ ಇಲ್ಲ. ಬಭ್ರುವಾಹನನಿಗೆ ತಂದೆ ಯಾರೆಂದು ಗೊತ್ತು. ಗೊತ್ತಿದ್ದೇ ಬಂದು ಬಾಗಿದ್ದಾನೆ. ಅರ್ಜುನನಿಗೂ ಎದುರಿಗಿರುವವನು ಯಾರೆಂದು ಹೇಳಲಾಗಿದೆ. ಕೇಳಿಯೂ ಅವನು ಒಪ್ಪುವುದಿಲ್ಲ. ರಾಮನ ಕಥೆಯಲ್ಲಿ ಯುದ್ಧವಾದ ಮೇಲೆ ಗುರುತು ಸಿಗುತ್ತದೆ; ಅರ್ಜುನನ ಕಥೆಯಲ್ಲಿ ಗುರುತು ಸಿಕ್ಕ ಮೇಲೆ ಯುದ್ಧವಾಗುತ್ತದೆ. ಹೆಂಡತಿಯ ಶೀಲದ ಮೇಲಿನ ಅಪವಾದ ಎರಡರಲ್ಲೂ ಇದೆ. ಆದರೆ ರಾಮ ಊರವರ ಅಪವಾದಕ್ಕೆ ಮಣಿದು ಸೀತೆಯನ್ನು ಬಿಟ್ಟ, ಅರ್ಜುನ ತಾನೇ ಅಪವಾದವನ್ನು ಹುಟ್ಟಿಸಿದ. ಲೋಕದ ನಾಲಗೆ ಆಡಿದ್ದನ್ನು ಇಲ್ಲಿ ಗಂಡನ ನಾಲಗೆಯೇ ಆಡುತ್ತದೆ. ಸೀತೆಯ ಕಥೆಗೆ ಕಣ್ಣೀರಿಟ್ಟ ಕೇಳುಗ ಮತ್ತೆ ಮಣಿಪುರಕ್ಕೆ ಮರಳಿದಾಗ ಚಿತ್ರಾಂಗದೆಯನ್ನು ಮೊದಲಿನ ಕಣ್ಣಿನಿಂದ ನೋಡಲಾರ. ಉಪಕಥೆ ಮಾಡುವ ಕೆಲಸ ಇದು. ಕಾಡಿನಲ್ಲಿ ಸೀತೆ ಪಟ್ಟ ಪಾಡನ್ನು ವಿಸ್ತಾರವಾಗಿ ಹೇಳಿ, ಅರಮನೆಯಲ್ಲಿದ್ದೇ ಬಿಟ್ಟುಬಿಡಲ್ಪಟ್ಟ ಇನ್ನೊಬ್ಬಳ ಪಾಡನ್ನು ಕವಿ ಹೇಳದೆಯೇ ತಿಳಿಸಿದ್ದಾನೆ.

ಕಾವ್ಯದ ಹಿಂದಿನ ಭಾಗಗಳೂ ಈ ಪ್ರಶ್ನೆಗೆ ಸಿದ್ಧತೆ ಮಾಡಿಕೊಟ್ಟಿವೆ. ಚಂಪಕಾಪುರದ ಹಂಸಧ್ವಜನ ಮಗ ಸುಧನ್ವ ಯುದ್ಧಕ್ಕೆ ಹೊರಟಾಗ ಹೆಂಡತಿ ಪ್ರಭಾವತಿ ಅವನನ್ನು ತಡೆದು, ಸಂತಾನವನ್ನು ಬೇಡುತ್ತಾಳೆ. ರಣಕ್ಕೆ ತಡವಾಗಿ ಬಂದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಬೇಕೆಂಬ ಆಜ್ಞೆ ಗೊತ್ತಿದ್ದೂ ಸುಧನ್ವ ಅವಳ ಮಾತನ್ನು ನಡೆಸುತ್ತಾನೆ, ತಡವಾಗಿ ಬರುತ್ತಾನೆ, ಶಿಕ್ಷೆಯನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾನೆ. ಕುದಿಯುವ ಎಣ್ಣೆ ಅವನನ್ನು ಸುಡುವುದಿಲ್ಲ. ಹರಿಸ್ಮರಣೆಯ ಮಹಿಮೆ ಎಂದು ಕಾವ್ಯ ಅದಕ್ಕೆ ಕಾರಣ ಕೊಡುತ್ತದೆ. ಆದರೆ ಹೆಂಡತಿಗಾಗಿ ತಡಮಾಡಿದುದು ದೋಷವೆಂದು ತೀರ್ಮಾನಿಸಿದ ಪುರೋಹಿತರಾದ ಶಂಖಲಿಖಿತರ ಹಣೆಗೇ, ಎಣ್ಣೆಯ ಕಾವನ್ನು ಪರೀಕ್ಷಿಸಲು ಹಾಕಿದ ತೆಂಗಿನಕಾಯಿ ಸಿಡಿದು ಬಡಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮನೆಯ ಬೇಡಿಕೆಯನ್ನೂ ರಣದ ಕರೆಯನ್ನೂ ಒಂದೇ ದಿನದಲ್ಲಿ ನಡೆಸಿ, ಎರಡರ ಬೆಲೆಯನ್ನೂ ತಾನೇ ತೆತ್ತ ವೀರ ಸುಧನ್ವ. ಅವನನ್ನು ಕೊಂದವನು ಅರ್ಜುನ. ಮಣಿಪುರಕ್ಕೆ ಬರುವ ಹೊತ್ತಿಗೆ ಆ ತೂಗುವಿಕೆ ಕೇಳುಗರ ಮನಸ್ಸಿನಲ್ಲಿದೆ.

ಪ್ರಮೀಳೆಯ ಪ್ರಸಂಗ ಇನ್ನೊಂದು ಬಗೆಯದು. ಸ್ತ್ರೀರಾಜ್ಯದ ರಾಣಿ ಕುದುರೆಯನ್ನು ಕಟ್ಟಿ ಅರ್ಜುನನನ್ನೇ ವರಿಸಬಯಸುತ್ತಾಳೆ. ಕೊನೆಗೆ ಅವನು ಒಪ್ಪುತ್ತಾನೆ, ಆದರೆ ಯಜ್ಞಾಶ್ವದ ಕಾವಲಿನಲ್ಲಿರುವವನಿಗೆ ಈಗ ಸಾಧ್ಯವಿಲ್ಲ ಎಂದು ಹೇಳಿ ಅವಳನ್ನು ಹಸ್ತಿನಾವತಿಗೆ ಕಳಿಸುತ್ತಾನೆ. ವ್ಯಾಸರ ಮಣಿಪುರದಲ್ಲಿ ಮಗನಿಗೆ ಕೊಟ್ಟ ಉತ್ತರ ಜೈಮಿನಿ ಸಂಪ್ರದಾಯದಲ್ಲಿ ಪ್ರಮೀಳೆಗೆ ಸಿಗುತ್ತದೆ: ದೀಕ್ಷೆಯಿದೆ, ಆಮೇಲೆ. ಯೌವನದಲ್ಲಿ ಯಾತ್ರೆಯ ನಡುವೆ ಮದುವೆಗಳಾದವನು ಪ್ರೌಢವಯಸ್ಸಿನಲ್ಲಿ ಮತ್ತೊಂದು ಯಾತ್ರೆಯ ನಡುವೆ ಮತ್ತೊಂದು ಮಾತು ಕೊಡುತ್ತಿದ್ದಾನೆ. ಹಳೆಯ ಮಾತುಗಳ ಬಾಕಿ ಕಾದಿರುವ ಊರು ಇನ್ನು ದೂರವಿಲ್ಲ.

ಈ ಓದಿಗೆ ಬಲವಾದ ಆಕ್ಷೇಪವೊಂದಿದೆ. ಅರ್ಜುನನ ಸಾವಿಗೆ ಕಾವ್ಯ ಬೇರೆಯೇ ಕಾರಣ ಕೊಟ್ಟಿದೆಯಲ್ಲವೆ? ಮಾಹಿಷ್ಮತಿಯ ನೀಲಧ್ವಜ ಅರ್ಜುನನಿಗೆ ಶರಣಾದಾಗ ಅವನ ಹೆಂಡತಿ ಜ್ವಾಲೆ ಅದನ್ನು ಸಹಿಸದೆ ಹೊರಟುಹೋಗುತ್ತಾಳೆ. ಗಂಗೆಯ ಬಳಿಗೆ ಬಂದು, ಮಗ ಭೀಷ್ಮನನ್ನು ಕೊಂದವನ ಮೇಲೆ ಅವಳನ್ನು ಕೆರಳಿಸುತ್ತಾಳೆ. ಆರು ತಿಂಗಳಲ್ಲಿ ಅರ್ಜುನನ ತಲೆ ಬೀಳಲೆಂದು ಗಂಗೆ ಶಪಿಸುತ್ತಾಳೆ. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ತಲೆಯನ್ನು ಕತ್ತರಿಸುವುದು ಆ ಬಾಣವೇ. ಎಲ್ಲವೂ ಶಾಪದ ಫಲವಾದರೆ ತಂದೆಯ ತಪ್ಪು, ಮಗನ ಕೋಪ ಎಂಬ ಚರ್ಚೆಗೆ ಎಡೆಯೆಲ್ಲಿ ಎಂದು ಕೇಳಬಹುದು.

ಶಾಪ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದನ್ನು ನೋಡಬೇಕು. ಗಂಗೆಯ ಶಾಪ ಸಾವನ್ನು ನಿಶ್ಚಯಿಸುತ್ತದೆ. ಜ್ವಾಲೆಯ ಬಾಣ ಸಾವನ್ನು ಸಾಧಿಸುತ್ತದೆ. ಆದರೆ ಅರ್ಜುನನ ಕಾಲನ್ನು ಎತ್ತಿಸಿದ್ದು ಶಾಪವೆಂದು ಹೇಳಲಾಗದು. ಜಗಳಕ್ಕೆ ಬೇಕಾದದ್ದೆಲ್ಲ ಅರ್ಜುನನೇ ತಂದುಕೊಂಡಿದ್ದಾನೆ. ಅಲ್ಲದೆ ಈ ಕಾರಣಗಳ ಸರಪಳಿಯನ್ನು ಕಟ್ಟಿದವರು ಯಾರೆಂಬುದೂ ಗಮನಿಸತಕ್ಕದ್ದು. ಮಗನನ್ನು ಕಳೆದುಕೊಂಡ ಗಂಗೆ, ಗಂಡನ ಶರಣಾಗತಿಯಿಂದ ನೊಂದ ಜ್ವಾಲೆ, ಶೀಲಕ್ಕೆ ಕಳಂಕ ಹೊತ್ತ ಚಿತ್ರಾಂಗದೆ: ಮೂವರೂ ವೀರರ ಗೆಲುವಿನ ಬೆಲೆ ತೆತ್ತ ಹೆಣ್ಣುಗಳು. ಮೂವರ ನೋವು ಒಂದೇ ಬಾಣದ ಮೊನೆಯಲ್ಲಿ ಕೂಡುತ್ತದೆ. ಬಂಧುವಧೆಯ ಪಾಪ ಕಳೆಯಲೆಂದು ಧರ್ಮರಾಯ ಹೂಡಿದ ಯಜ್ಞ, ತನ್ನ ದಾರಿಯಲ್ಲಿ ಹೊಸ ಬಂಧುವಧೆಗಳನ್ನೇ ಕಟ್ಟುತ್ತ ಹೋಗಿ, ಇಲ್ಲಿ ತನ್ನ ಕಾವಲುಗಾರನನ್ನೇ ಬಲಿ ತೆಗೆದುಕೊಳ್ಳುತ್ತದೆ.

ತಲೆ ಬಿದ್ದ ಮೇಲಿನ ಭಾಗ ಕಾವ್ಯದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಗೆದ್ದು ಬಂದ ಮಗನಿಗೆ ತಾಯಿಯಿಂದ ದೊರೆಯುವುದು ಮೆಚ್ಚುಗೆಯಲ್ಲ, ಆಕ್ರಂದನ. ಅವಳ ಮಾನಕ್ಕಾಗಿ ಕಾದಿದವನು ಅವಳ ಓಲೆಭಾಗ್ಯವನ್ನೇ ಕಳೆದಿದ್ದಾನೆ. ಇಬ್ಬರ ನಡುವೆ ಸಿಕ್ಕಿದ ಈ ಮಗನ ಸಂಕಟಕ್ಕೆ ಸಮನಾದ ಸನ್ನಿವೇಶ ಕನ್ನಡ ಕಾವ್ಯಗಳಲ್ಲಿ ವಿರಳ. ಸಂಜೀವಕ ಮಣಿಗಾಗಿ ಉಲೂಪಿ ನಾಗಲೋಕಕ್ಕೆ ಪುಂಡರೀಕನನ್ನು ಕಳಿಸುತ್ತಾಳೆ. ಧೃತರಾಷ್ಟ್ರನೆಂಬ ನಾಗ ಅಡ್ಡಬರುತ್ತಾನೆ. ಬಭ್ರುವಾಹನ ಪಾತಾಳಕ್ಕೆ ಹೋಗಿ ಕಾದಿ ಮಣಿಯನ್ನು ತರುತ್ತಾನೆ. ಅಷ್ಟರಲ್ಲಿ ಆ ನಾಗನ ಮಕ್ಕಳು ಅರ್ಜುನನ ತಲೆಯನ್ನೇ ಕದ್ದೊಯ್ದಿರುತ್ತಾರೆ. ತಂದೆ ಮಗನಿಗಾಗಿ ಎಂದೂ ಮಾಡದ ಯಾತ್ರೆಯನ್ನು ಮಗ ತಂದೆಗಾಗಿ ಮಾಡುತ್ತಾನೆ, ಅದೂ ಸತ್ತ ತಂದೆಗಾಗಿ. ಮಗನಲ್ಲ ಎಂದವನಿಗೆ ಕೊಟ್ಟ ಉತ್ತರ ಕಾಳಗದ ಗೆಲುವಿನಲ್ಲಿಲ್ಲ, ಈ ಯಾತ್ರೆಯಲ್ಲಿದೆ.

ಕೊನೆಗೆ ಕೃಷ್ಣ ಗರುಡನನ್ನೇರಿ ಬರುತ್ತಾನೆ. ಅವನೊಂದಿಗೆ ಕುಂತಿ, ದೇವಕಿ, ಯಶೋದೆ, ಭೀಮ ಬರುತ್ತಾರೆ. ತನ್ನ ಬ್ರಹ್ಮಚರ್ಯ ನಿಜವಾದರೆ ತಲೆ ಮರಳಿ ಬರಲೆಂದು ಕೃಷ್ಣ ನುಡಿದಾಗ ತಲೆ ಬರುತ್ತದೆ. ವೃಷಕೇತುವೂ ಅರ್ಜುನನೂ ಏಳುತ್ತಾರೆ. ಭಕ್ತಿಕಾವ್ಯದ ದೃಷ್ಟಿಯಿಂದ ಇದು ಶಿಖರ. ಮಾನವ ಸಂಬಂಧದ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಕೊರತೆಯಿದೆ: ಸಂಧಾನದ ಭಾರವನ್ನೆಲ್ಲ ಪವಾಡ ಹೊತ್ತುಕೊಂಡಿದೆ. ಚಿತ್ರಾಂಗದೆಯ ಮೇಲೆ ಹೊರಿಸಿದ ಮಾತು ಯಾವ ತಕ್ಕಡಿಯಲ್ಲಿ ತೂಗಿ ಇಳಿಯಿತು ಎಂಬುದು ಸಂಭ್ರಮದ ನಡುವೆ ಹಿನ್ನೆಲೆಗೆ ಸರಿಯುತ್ತದೆ. ತಲೆಯನ್ನು ಮರಳಿ ಜೋಡಿಸಿದಷ್ಟು ಸುಲಭವಾಗಿ ಆ ಮಾತನ್ನು ಹಿಂದಕ್ಕೆ ಪಡೆಯಲಾಗದು. ಇದನ್ನು ಕವಿಯ ಅಸಾಮರ್ಥ್ಯ ಎನ್ನುವುದಕ್ಕಿಂತ ಅವನು ಆರಿಸಿಕೊಂಡ ಮಾರ್ಗದ ಬೆಲೆ ಎನ್ನುವುದು ನ್ಯಾಯ.

ಆದರೂ ಲಕ್ಷ್ಮೀಶನ ಸಂಪ್ರದಾಯ ವ್ಯಾಸರಿಗಿಂತ ಒಂದು ಹೆಜ್ಜೆ ಮುಂದಿಟ್ಟಿದೆ. ವ್ಯಾಸರ ಅರ್ಜುನ ಒಂದು ರಾತ್ರಿಯನ್ನೂ ಕೊಡದೆ ಕುದುರೆಯ ಹಿಂದೆ ಹೋದ. ಕುಟುಂಬವೇ ಯಜ್ಞಕ್ಕೆ ಬರಬೇಕಾಯಿತು. ಇಲ್ಲಿ ಅತ್ತೆ ಕುಂತಿಯೇ ಸೊಸೆಯರ ಊರಿಗೆ ಬಂದಿದ್ದಾಳೆ; ಬಭ್ರುವಾಹನ ತಂದೆಯ ಕಾವಲಿನಲ್ಲಿ ಜೊತೆಯಾಗುತ್ತಾನೆ. ಹಸ್ತಿನಾವತಿ ಮಣಿಪುರಕ್ಕೆ ನಡೆದುಬಂದು ಸಂಬಂಧವನ್ನು ಒಪ್ಪಿಕೊಂಡಿದೆ. ಗುಪ್ತವಾಗಿ, ದೂರದಲ್ಲಿ, ಷರತ್ತಿನ ಮೇಲೆ ನಿಂತಿದ್ದ ಸಂಬಂಧ ಎಲ್ಲರ ಎದುರಿಗೆ ಸಂಬಂಧವಾಗುತ್ತದೆ. ಅದಕ್ಕಾಗಿ ವೀರನು ಸಾಯಬೇಕಾಯಿತು ಎಂಬುದೇ ಪ್ರಸಂಗದ ಕಟುಸತ್ಯ.

ಕಾವ್ಯದಲ್ಲಿ ಉಳಿದ ಆ ಕೊರತೆಯನ್ನು ಕನ್ನಡದ ಪ್ರದರ್ಶನಪರಂಪರೆ ತನ್ನದೇ ರೀತಿಯಲ್ಲಿ ತುಂಬಿಕೊಂಡಿದೆ. ಯಕ್ಷಗಾನದ ಬಭ್ರುವಾಹನ ಕಾಳಗದಲ್ಲಿ, ಅದರಲ್ಲೂ ತಾಳಮದ್ದಳೆಯಲ್ಲಿ, ಅರ್ಥಧಾರಿಗಳು ಹೆಚ್ಚು ಹೊತ್ತು ನಿಲ್ಲಬಲ್ಲದ್ದು ತಂದೆಮಕ್ಕಳ ವಾದದಲ್ಲಿ. ಪದ್ಯ ನಾಲ್ಕು ಮಾತಿನಲ್ಲಿ ಮುಗಿಸಿದ್ದನ್ನು ಅರ್ಥ ಬಿಡಿಸಿ ಕೇಳುತ್ತದೆ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 1977ರ 'ಬಭ್ರುವಾಹನ' ಚಲನಚಿತ್ರದಲ್ಲಿ ಅರ್ಜುನ, ಬಭ್ರುವಾಹನ ಇಬ್ಬರ ಪಾತ್ರವನ್ನೂ ರಾಜಕುಮಾರ್ ಅವರೇ ವಹಿಸಿದರು. ತಂದೆಯ ಗೆಲುವುಗಳ ಹಿಂದಿದ್ದ ನೆರವನ್ನು ಮಗ ಎಣಿಸಿ ತೋರಿಸುವ ಸವಾಲು ಜವಾಬಿನ ಹಾಡು ಇಂದಿಗೂ ಜನರ ಬಾಯಲ್ಲಿದೆ. ಒಂದೇ ಮುಖ ಎರಡೂ ಕಡೆ ನಿಂತಿರುವಾಗ, ನೀನು ನನ್ನ ಮಗನಲ್ಲ ಎಂಬ ಮಾತು ನೋಡುಗರ ಕಣ್ಣೆದುರಿಗೇ ಸುಳ್ಳಾಗುತ್ತದೆ. ವಾದದಿಂದ ಸಿದ್ಧವಾಗಬೇಕಾದದ್ದನ್ನು ಪಾತ್ರಹಂಚಿಕೆಯೇ ಸಿದ್ಧಮಾಡಿಬಿಟ್ಟಿದೆ.

ಪಂಪ, ರನ್ನರು ತಮ್ಮ ಆಶ್ರಯದಾತರನ್ನು ವೀರರಲ್ಲಿ ಕಂಡವರು. ಅರಿಕೇಸರಿಯ, ಸತ್ಯಾಶ್ರಯನ ಕೀರ್ತಿಗೆ ಪಟ್ಟಾಭಿಷೇಕದ ಮುಕ್ತಾಯವೇ ತಕ್ಕದ್ದು. ಯಾವ ಅರಸನನ್ನೂ ಅರ್ಜುನನಲ್ಲಿ ಕಾಣಿಸಬೇಕಾದ ಹೊಣೆ ಲಕ್ಷ್ಮೀಶನಿಗಿರಲಿಲ್ಲ. ಆದ್ದರಿಂದಲೇ ಅವನ ಅರ್ಜುನ ತಪ್ಪಬಹುದು, ಸೋಲಬಹುದು, ಬಿಟ್ಟುಹೋದ ಮಗನ ಕೈಯಲ್ಲಿ ತಲೆ ಕಳೆದುಕೊಳ್ಳಬಹುದು. ಕರ್ತವ್ಯ ದೊಡ್ಡದೋ ಕುಟುಂಬ ದೊಡ್ಡದೋ ಎಂಬ ತೀರ್ಪನ್ನು ಈ ಪ್ರಸಂಗ ಕೊಡುವುದಿಲ್ಲ. ಯಜ್ಞ ನಡೆಯುತ್ತದೆ, ಕುದುರೆ ಮುಂದೆ ಹೋಗುತ್ತದೆ. ಅದು ಹೇಳುವುದು ಇಷ್ಟೇ: ಕಾಲಿಗೆ ಬಿದ್ದ ಮಗನನ್ನು ಎತ್ತಲು ಯಾವ ದೀಕ್ಷೆಯೂ ಅಡ್ಡಿಯಿರಲಿಲ್ಲ. ಆ ಒಂದು ಗಳಿಗೆಯಲ್ಲಿ ಕರ್ತವ್ಯಕ್ಕೂ ವಾತ್ಸಲ್ಯಕ್ಕೂ ವಿರೋಧವೇ ಇರಲಿಲ್ಲ. ವಿರೋಧವನ್ನು ಅರ್ಜುನ ತಾನಾಗಿ ಕಲ್ಪಿಸಿಕೊಂಡ. 'ಜೈಮಿನಿ ಭಾರತ'ದ ಕಾಳಗಗಳಲ್ಲೆಲ್ಲ ಅರ್ಜುನ ತನ್ನ ತಲೆಯನ್ನೇ ತೆತ್ತದ್ದು ಆ ಗಳಿಗೆಗೆ.